ಈ ವಾರದ ಗುರಿ ಏನು, ತಮ್ಮಾ?

ಬೀದರ್, ಭಾಲ್ಕಿ, ಹುಮನಾಬಾದ್, ಬಸವಕಲ್ಯಾಣ, ಕಲಬುರಗಿ ಕಡೆಯಿಂದ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಬರುವ ನಮ್ಮ ಹುಡುಗ-ಹುಡುಗಿಯರಲ್ಲಿ ಎಷ್ಟೋ ಮಂದಿ ಬಸ್ಸಿನಿಂದ ಇಳಿಯುವುದು ಮಿಯಾಪುರದಲ್ಲಿ. ಜಹೀರಾಬಾದ್ ದಾಟಿ, ಪಟಾನ್‌ಚೆರು ಹಾಯ್ದು ಬರುವ 65ನೇ ರಾಷ್ಟ್ರೀಯ ಹೆದ್ದಾರಿ ಇಲ್ಲಿಂದಲೇ ನಗರದೊಳಗೆ ಹೋಗುತ್ತದೆ. ಮೆಟ್ರೋದ ಕೆಂಪು ಮಾರ್ಗ ಶುರುವಾಗುವುದೂ ಇಲ್ಲಿಂದಲೇ. 2017ರ ನವೆಂಬರ್ 28ರಂದು ಹೈದರಾಬಾದ್ ಮೆಟ್ರೋ ಉದ್ಘಾಟನೆಯಾದದ್ದು ಇದೇ ನಿಲ್ದಾಣದಲ್ಲಿ. ಕೋರ್ಸುಗಳ ಊರಾದ ಅಮೀರ್‌ಪೇಟೆಗೆ ನೇರ ರೈಲು, ಊರಿಗೆ ಹೋಗಲು ನೇರ ಬಸ್ಸು. ಹಾಗಾಗಿ ಇಲ್ಲೇ ಹಾಸ್ಟೆಲ್ ಹಿಡಿದು ಉಳಿಯುತ್ತಾರೆ.

ಅವರಲ್ಲಿ ಯಾರಾದರೂ ಮನೆಗೆ ಬಂದು ಕುಳಿತಾಗ ನಾನು ಕೇಳುವುದು ಒಂದೇ ಪ್ರಶ್ನೆ: ಎಂಥ ಕೆಲಸ ಬೇಕು? ಉತ್ತರವೂ ಹೆಚ್ಚುಕಡಿಮೆ ಒಂದೇ. "ಯಾವುದಾದರೂ ಸರಿ ಕಾಕಾ, ಒಂದು ಸಿಕ್ಕರೆ ಸಾಕು. ಕೈಲಾದಷ್ಟು ಪ್ರಯತ್ನ ಮಾಡ್ತಿದ್ದೀನಿ."

ಆ ಮಾತಿನಲ್ಲಿರುವ ವಿನಯ ನನಗೆ ಗೊತ್ತು. ಮನೆಯಲ್ಲಿ ಅಪ್ಪ ಕಾಯುತ್ತಿದ್ದಾನೆ, ತಂಗಿಯ ಕಾಲೇಜು ಫೀಸು ಬಾಕಿ ಇದೆ, ಆರಿಸಿಕೊಳ್ಳುವ ಹಕ್ಕು ತನಗಿಲ್ಲ ಎಂದು ಹುಡುಗ ಅಂದುಕೊಂಡಿರುತ್ತಾನೆ. ಆದರೆ ತಮ್ಮಾ, ತಂಗೀ, ಕಿವಿಗೊಟ್ಟು ಕೇಳಿ. "ಯಾವುದಾದರೂ ಸರಿ" ಎಂಬುದರಷ್ಟು ದುಬಾರಿಯಾದ ಗುರಿ ಇನ್ನೊಂದಿಲ್ಲ. ಅದು ನಿಮ್ಮನ್ನು ದಿನಕ್ಕೊಂದು ದಿಕ್ಕಿಗೆ ಎಳೆಯುತ್ತದೆ, ಯಾವ ದಿಕ್ಕಿನಲ್ಲೂ ದೂರ ಹೋಗಲು ಬಿಡುವುದಿಲ್ಲ.

ಅಮೆರಿಕದ ಮನಃಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲಿ ಗುರಿಯ ಬಗ್ಗೆ ಒಂದು ಪ್ರಬಂಧ ಬರೆದರು. ಆಮೇಲೆ ಗ್ಯಾರಿ ಲೇಥಮ್ ಅವರ ಜೊತೆಗೂಡಿ ಅದೇ ವಿಷಯದ ಮೇಲೆ ದಶಕಗಟ್ಟಲೆ ದುಡಿದರು. ಲೇಥಮ್ ಮಾಡಿದ ಒಂದು ಪ್ರಯೋಗವನ್ನು ನಮ್ಮ ಹೆದ್ದಾರಿಯ ಯಾವ ಲಾರಿ ಚಾಲಕನಿಗೆ ಹೇಳಿದರೂ ತಿಳಿಯುತ್ತದೆ. ಮರದ ದಿಮ್ಮಿ ಸಾಗಿಸುವ ಲಾರಿಯವರಿಗೆ "ಕೈಲಾದಷ್ಟು ತುಂಬಿ" ಎಂದು ಹೇಳಿದಾಗ, ಕಾನೂನು ಒಪ್ಪುವ ತೂಕದಲ್ಲಿ ನೂರಕ್ಕೆ 60ರಷ್ಟು ಮಾತ್ರ ತುಂಬುತ್ತಿದ್ದರು. "ನೂರಕ್ಕೆ 94ರಷ್ಟು ತುಂಬಬೇಕು" ಎಂದು ಗೊತ್ತುಮಾಡಿದ ಮೇಲೆ ಅದು 90ರ ಹತ್ತಿರಕ್ಕೆ ಏರಿತು. ಅದೇ ಲಾರಿ, ಅದೇ ಜನ, ಹೆಚ್ಚು ಕೂಲಿಯೂ ಇಲ್ಲ. ಈ ಫಲಿತಾಂಶ 1975ರಲ್ಲಿ ಅಚ್ಚಾಯಿತು. "ಕೈಲಾದಷ್ಟು" ಎಂದಾಗ ಕೈಗೆ ಎಷ್ಟಾಗುತ್ತದೆ ಎಂಬುದನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ. ಎಲ್ಲಿ ದಣಿವಾಯಿತೋ ಅಲ್ಲಿಗೆ ನಿಲ್ಲಿಸುತ್ತೇವೆ.

ಹಾಗಾದರೆ "ದೀಪಾವಳಿಯೊಳಗೆ ಆಫರ್ ಲೆಟರ್ ಕೈಯಲ್ಲಿರಬೇಕು" ಎಂದು ಗೋಡೆಗೆ ಬರೆದು ಅಂಟಿಸಿಕೊಳ್ಳಬಹುದೇ? ಬೇಡ. ಆಫರ್ ಲೆಟರ್ ಇನ್ನೊಬ್ಬರ ತೀರ್ಮಾನ. ಆ ಕಂಪನಿಯ ಬಜೆಟ್ಟು, ಆ ದಿನ ಎದುರಿಗೆ ಕುಳಿತವರ ಮನಸ್ಸು, ನಿನಗಿಂತ ಮುಂಚೆ ಒಳಗೆ ಹೋದವನ ಅನುಭವ, ಇವು ಯಾವುವೂ ನಿನ್ನ ಕೈಯಲ್ಲಿಲ್ಲ. ತೊಗರಿ ಬಿತ್ತುವ ನಿನ್ನ ಅಪ್ಪ ಮಳೆಯನ್ನು ಗುರಿ ಮಾಡಿಕೊಳ್ಳುವುದಿಲ್ಲ. ಹೊಲ ಹರಗುವುದು, ಬೀಜ ಆರಿಸುವುದು, ಹದ ನೋಡಿ ಬಿತ್ತುವುದು, ಇಷ್ಟನ್ನು ತನ್ನ ಕೆಲಸವೆಂದು ಇಟ್ಟುಕೊಳ್ಳುತ್ತಾನೆ. ನೀನೂ ಈ ವಾರ ನಿನ್ನ ಕೈಯಿಂದ ಆಗಬೇಕಾದದ್ದನ್ನೇ ಗುರಿಯಾಗಿ ಬರೆದುಕೋ. ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೇ. ಉಳಿದದ್ದು ಅದನ್ನು ಹೇಗೆ ಮಾಡುವುದು ಎಂಬ ವಿವರ.

ಮೊದಲು ದಿಕ್ಕು. ಮಿಯಾಪುರದಲ್ಲಿ ನಿಂತರೆ ದಾರಿಗಳು ಮೂರು ಕಡೆಗೆ ಹೋಗುತ್ತವೆ. ಮೂರೂ ಬೇರೆಬೇರೆ ಬದುಕುಗಳು.

ಹಫೀಜ್‌ಪೇಟೆ, ಕೊಂಡಾಪುರದ ಮೇಲೆ ಹೋದರೆ ಹೈಟೆಕ್ ಸಿಟಿ, ಗಚ್ಚಿಬೌಲಿ. 1998ರಲ್ಲಿ ಸೈಬರ್ ಟವರ್ಸ್ ಶುರುವಾದಾಗಿನಿಂದ ಊರಿಂದ ಬಂದ ಎಲ್ಲರ ಕಣ್ಣೂ ಅತ್ತಲೇ. ಅಲ್ಲಿ ಕೋಡ್ ಬರೆಯುವವರು ಮಾತ್ರ ಬೇಕು ಅಂದುಕೊಳ್ಳಬೇಡ. ಟೆಸ್ಟಿಂಗ್ ಇದೆ, ಬ್ಯಾಂಕು-ವಿಮೆಯ ಬ್ಯಾಕ್ ಆಫೀಸ್ ಇದೆ, ಗ್ರಾಹಕರ ಕರೆ ತೆಗೆದುಕೊಳ್ಳುವ ಕೆಲಸ ಇದೆ. "ಕನ್ನಡ ವಾಯ್ಸ್ ಪ್ರೋಸೆಸ್" ಎಂಬ ಜಾಹೀರಾತು ಕಂಡರೆ ಕಡೆಗಣಿಸಬೇಡ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಹಿಂದಿ, ಇಲ್ಲಿಗೆ ಬಂದ ಮೇಲೆ ತೆಲುಗು: ಗಡಿಸೀಮೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮೂರು ನಾಲ್ಕು ಭಾಷೆ ಸಲೀಸಾಗಿ ಬರುತ್ತದೆ. ಅದನ್ನು ಬಯೋಡೇಟಾದ ಕೊನೆಯ ಸಾಲಿನಲ್ಲಿ ಹವ್ಯಾಸದ ಪಕ್ಕ ಬರೆದು ಬಿಟ್ಟುಬಿಡುತ್ತಾರೆ. ಮೇಲೆ ಬರೆ. ಅದು ನಿನ್ನ ಅರ್ಹತೆ.

ಇನ್ನೊಂದು ದಾರಿ ಬಾಚುಪಲ್ಲಿಯ ಕಡೆಗೆ, ಅದರಾಚೆ ಬೊಲ್ಲಾರಂ, ಜೀಡಿಮೆಟ್ಲ. ಇದು ಔಷಧ ಕಾರ್ಖಾನೆಗಳ ಸೀಮೆ. ಕೆಮಿಸ್ಟ್ರಿಯಲ್ಲಿ ಬಿಎಸ್ಸಿ, ಎಂಎಸ್ಸಿ ಮಾಡಿದವರು, ಬಿ.ಫಾರ್ಮಾ ಮಾಡಿದವರು ಈ ದಾರಿ ಬಿಟ್ಟು ಅಮೀರ್‌ಪೇಟೆಯಲ್ಲಿ ಜಾವಾ ಕಲಿಯಲು ಕುಳಿತದ್ದನ್ನು ಕಂಡಾಗ ನನ್ನ ಹೊಟ್ಟೆ ಉರಿಯುತ್ತದೆ. ಕ್ಯೂಸಿ ಲ್ಯಾಬಿನಲ್ಲಿ ಎಚ್‌ಪಿಎಲ್‌ಸಿ ಯಂತ್ರ ನಡೆಸಲು ಬರುವವರನ್ನು ಈ ಕಾರ್ಖಾನೆಗಳು ಕೇಳುತ್ತಲೇ ಇರುತ್ತವೆ. ವಾಕ್-ಇನ್ ಇಡುವುದು ಬಹಳ ಸಲ ಶನಿವಾರ, ಭಾನುವಾರ. ನಿನ್ನ ಹಾಸ್ಟೆಲ್ಲಿನಿಂದ ಒಂದು ಶೇರ್ ಆಟೋ ದೂರ.

ಮೂರನೆಯದು ನೀನು ಬಂದ ದಾರಿಯೇ. ಹೆದ್ದಾರಿ ಹಿಡಿದು ಹಿಂದಕ್ಕೆ ಹೋದರೆ ರಾಮಚಂದ್ರಾಪುರಂನಲ್ಲಿ ಬಿಎಚ್‌ಇಎಲ್, ಮುಂದೆ ಪಟಾನ್‌ಚೆರು ಕೈಗಾರಿಕಾ ಪ್ರದೇಶ, 1972ರಲ್ಲಿ ಸ್ಥಾಪನೆಯಾದ ಕೃಷಿ ಸಂಶೋಧನಾ ಕೇಂದ್ರ ಇಕ್ರಿಸ್ಯಾಟ್, ಇನ್ನೂ ಮುಂದೆ ಜಹೀರಾಬಾದಿನ ವಾಹನ ಕಾರ್ಖಾನೆ. ಐಟಿಐ, ಡಿಪ್ಲೊಮಾ ಮುಗಿಸಿದವರಿಗೆ ಈ ದಾರಿಯಲ್ಲಿ ಅಪ್ರೆಂಟಿಸ್ ಆಗಿ ಒಳಗೆ ಹೋಗುವ ಅವಕಾಶವಿದೆ. 1961ರ ಅಪ್ರೆಂಟಿಸ್ ಕಾಯ್ದೆ ದೊಡ್ಡ ಕಾರ್ಖಾನೆಗಳು ತರಬೇತಿಗೆ ಇಂತಿಷ್ಟು ಜನರನ್ನು ತೆಗೆದುಕೊಳ್ಳಲೇಬೇಕು ಎನ್ನುತ್ತದೆ. ತಿಂಗಳ ಭತ್ಯೆ ಕಡಿಮೆ, ಕಲಿಕೆ ಗಟ್ಟಿ.

ಮೂರರಲ್ಲಿ ಒಂದನ್ನು ಆರಿಸಿಕೋ. ನಿನ್ನ ಓದು ಯಾವುದು, ಕೈ ಯಾವುದಕ್ಕೆ ಒಗ್ಗುತ್ತದೆ, ದಿನಕ್ಕೆ ಎಷ್ಟು ಹೊತ್ತು ಪ್ರಯಾಣ ತಡೆಯಬಲ್ಲೆ ಎಂದು ನೋಡಿ ಆರಿಸಿಕೋ. ಎರಡು ತಿಂಗಳು ಅದೇ ದಿಕ್ಕಿನಲ್ಲಿ ಹುಡುಕು. ಉಳಿದ ಎರಡು ದಾರಿಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಕಂಪನಿಯ ಹೆಸರನ್ನು ಮಾತ್ರ ಗುರಿ ಮಾಡಿಕೊಳ್ಳಬೇಡ. ಮಿಯಾಪುರದ ಆಲ್ವಿನ್ ಚೌರಸ್ತಾ ದಿನಾ ದಾಟುತ್ತೀಯಲ್ಲ, ಆ ಹೆಸರು ಬಂದದ್ದು ಹೈದರಾಬಾದ್ ಆಲ್ವಿನ್ ಕಂಪನಿಯಿಂದ. ನಿಜಾಮರ ಕಾಲದಲ್ಲಿ ಹುಟ್ಟಿದ ಕಂಪನಿ. ಫ್ರಿಜ್ಜು, ಕೈಗಡಿಯಾರ, ಬಸ್ಸಿನ ಬಾಡಿ ಎಲ್ಲ ಮಾಡುತ್ತಿತ್ತು. ಆಲ್ವಿನ್‌ನಲ್ಲಿ ಕೆಲಸವೆಂದರೆ ಹೆಣ್ಣು ಕೊಡುತ್ತಿದ್ದ ಕಾಲವಿತ್ತು. ಈಗ ಉಳಿದಿರುವುದು ಚೌರಸ್ತಾದ ಹೆಸರು. ಸತ್ಯಂ ಕಂಪ್ಯೂಟರ್ಸ್ ಕಥೆ ಇನ್ನೂ ಹತ್ತಿರದ್ದು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಲೆಕ್ಕ ಸುಳ್ಳೆಂದು ಒಪ್ಪಿಕೊಂಡಾಗ, 50 ಸಾವಿರದಷ್ಟು ನೌಕರರ ನಿದ್ದೆ ಒಂದೇ ದಿನಕ್ಕೆ ಹಾರಿಹೋಯಿತು. ಅಂಥ ಹೊತ್ತಿನಲ್ಲಿ ನಿಂತುಕೊಂಡವರು ಕೈಯಲ್ಲಿ ಕಸುಬಿದ್ದವರು.

ಇನ್ನು ವಾರದ ಗುರಿ. ಲಾರಿಯ ಉದಾಹರಣೆ ಕೇಳಿ, "ವಾರಕ್ಕೆ 100 ಅರ್ಜಿ ಹಾಕ್ತೀನಿ" ಎಂದು ಹೊರಡಬೇಡ. ಆ ಲಾರಿಯವರಿಗೆ ದಿಮ್ಮಿ ತುಂಬುವುದು ಹೇಗೆಂದು ಮೊದಲೇ ಗೊತ್ತಿತ್ತು. ನಿನಗೆ ಕೆಲಸ ಹುಡುಕುವುದು ಹೇಗೆಂದು ಇನ್ನೂ ಗೊತ್ತಿಲ್ಲ. ಯಾವ ಕಾಲೇಜೂ ಅದನ್ನು ಕಲಿಸಿ ಕಳಿಸುವುದಿಲ್ಲ. ಗೊತ್ತಿರುವ ಕೆಲಸಕ್ಕೆ ಸಂಖ್ಯೆಯ ಗುರಿ ಒಪ್ಪುತ್ತದೆ. ಗೊತ್ತಿಲ್ಲದ ಕೆಲಸಕ್ಕೆ ಕಲಿಯುವ ಗುರಿ ಬೇಕು. ಲಾಕ್, ಲೇಥಮ್ ಇಬ್ಬರೂ ಆಮೇಲೆ ಇದನ್ನೇ ಒತ್ತಿ ಹೇಳಿದರು. ನೆದರ್ಲೆಂಡ್ಸಿನ ವಾನ್ ಹೂಫ್ಟ್ ಮತ್ತು ನೂರ್ಡ್‌ಜೈ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ನಿರುದ್ಯೋಗಿಗಳಲ್ಲಿ ಕೆಲವರಿಗೆ "ಹುಡುಕುವುದನ್ನು ಕಲಿಯಿರಿ, ಪ್ರತಿ ಪ್ರಯತ್ನದಿಂದ ಏನು ಸುಧಾರಿಸಬಹುದು ನೋಡಿ" ಎಂಬ ತರಬೇತಿ ಕೊಟ್ಟರು. ಇನ್ನು ಕೆಲವರಿಗೆ ಫಲಿತಾಂಶದ ಮೇಲೆ, ತಮ್ಮ ಸಾಮರ್ಥ್ಯ ತೋರಿಸುವುದರ ಮೇಲೆ ಕಣ್ಣಿಡಲು ಹೇಳಿಕೊಟ್ಟರು. ಕೆಲವು ತಿಂಗಳ ನಂತರ ನೋಡಿದಾಗ, ಕಲಿಕೆಯನ್ನು ಗುರಿ ಮಾಡಿಕೊಂಡವರಲ್ಲೇ ಹೆಚ್ಚು ಮಂದಿಗೆ ಕೆಲಸ ಸಿಕ್ಕಿತ್ತು.

ನಿನ್ನ ನೋಟುಬುಕ್ಕಿನಲ್ಲಿ ಇದು ಹೇಗೆ ಕಾಣಬೇಕು ಎಂದರೆ: "ಈ ವಾರ, ನನಗೆ ಬೇಕಾದ ಕೆಲಸದ 20 ಜಾಹೀರಾತು ಓದಿ, ಎಲ್ಲದರಲ್ಲೂ ಮತ್ತೆಮತ್ತೆ ಕೇಳುತ್ತಿರುವ 4 ವಿಷಯ ಪಟ್ಟಿ ಮಾಡುತ್ತೇನೆ." ಮುಂದಿನ ವಾರ, "ಆ ನಾಲ್ಕರಲ್ಲಿ ನನಗೆ ಬಾರದ ಒಂದನ್ನು ಮಾಡಿ ತೋರಿಸುವಷ್ಟು ಕಲಿಯುತ್ತೇನೆ." ಅದರ ಮುಂದಿನ ವಾರ, "ಅದನ್ನೇ ಕೇಳುವ 8 ಕಡೆ, ಒಂದೊಂದಕ್ಕೂ ಬಯೋಡೇಟಾ ತಿದ್ದಿ ಕಳಿಸುತ್ತೇನೆ." ಎಂಟು ಸಾಕು. ಒಂದೇ ಬಯೋಡೇಟಾವನ್ನು 100 ಕಡೆ ಎಸೆಯುವುದಕ್ಕಿಂತ ಎಂಟು ಕಡೆ ಅವರ ಜಾಹೀರಾತನ್ನು ಓದಿ ಅದಕ್ಕೆ ತಕ್ಕಂತೆ ಬರೆದದ್ದು ಮೇಲು. ಸಂದರ್ಶನ ಮುಗಿಸಿ ಬಂದ ದಿನ, ಊಟಕ್ಕೆ ಕೂರುವ ಮೊದಲು ಅಲ್ಲಿ ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಡು. ಉತ್ತರ ತಪ್ಪಿದ ಪ್ರಶ್ನೆಯೇ ಮುಂದಿನ ವಾರದ ಪಾಠ. ಹೀಗೆ ಮಾಡಿದರೆ ಆಯ್ಕೆಯಾಗದ ಸಂದರ್ಶನವೂ ನಿನಗೆ ಏನಾದರೂ ಕೊಟ್ಟೇ ಹೋಗುತ್ತದೆ.

ಯಾವುದನ್ನು ಯಾವಾಗ ಮಾಡುವುದು ಎಂಬುದನ್ನೂ ಗೊತ್ತುಮಾಡು. ಜರ್ಮನ್ ಮನಃಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಅವರು ಕಂಡುಕೊಂಡದ್ದು ಸರಳ: "ಇಂಥ ಹೊತ್ತಾದ ಕೂಡಲೇ ಇಂಥದ್ದು ಮಾಡುತ್ತೇನೆ" ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರಿಯ ಇಚ್ಛೆಯಿರುವವರಿಗಿಂತ ಹೆಚ್ಚು ನಡೆಸಿಕೊಡುತ್ತಾರೆ. ಹಾಸ್ಟೆಲ್ಲಿನಲ್ಲಿ ತಿಂಡಿ ಮುಗಿದ ಕೂಡಲೇ ಲ್ಯಾಪ್‌ಟಾಪ್ ತೆರೆಯುತ್ತೇನೆ, ಮೆಟ್ರೋ ಹತ್ತಿದ ಕೂಡಲೇ ಇಂಗ್ಲಿಷ್ ಕೇಳುತ್ತೇನೆ. ಇಷ್ಟು ಸಣ್ಣದು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ಕೆಲಸವಿಲ್ಲದ ದಿನ ತಾನಾಗಿಯೇ ಕರಗುತ್ತದೆ. ಆಸ್ಟ್ರಿಯಾದ ಮರಿಯೆಂತಾಲ್ ಎಂಬ ಹಳ್ಳಿಯಲ್ಲಿ ಜವಳಿ ಗಿರಣಿ ಮುಚ್ಚಿದ ಮೇಲೆ ಮರೀ ಯಹೋಡಾ ಮತ್ತು ಅವರ ಜೊತೆಗಾರರು ಅಲ್ಲಿನವರ ಬದುಕನ್ನು ಹತ್ತಿರದಿಂದ ಕಂಡು 1933ರಲ್ಲಿ ಒಂದು ಪುಸ್ತಕ ತಂದರು. ಜನರ ಕೈಯಲ್ಲಿ ದಿನವಿಡೀ ಬಿಡುವು. ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೂ ತಗ್ಗಿತ್ತು. ಬೆಳಗ್ಗೆಯಿಂದ ಏನು ಮಾಡಿದೆ ಎಂದು ಕೇಳಿದರೆ ನೆನಪಿಸಿಕೊಂಡು ಹೇಳಲಾಗುತ್ತಿರಲಿಲ್ಲ. ಅವರು ಸೋಮಾರಿಗಳಾಗಿರಲಿಲ್ಲ ತಮ್ಮಾ. ದಿನಕ್ಕೆ ಒಂದು ಆಕಾರವೇ ಇಲ್ಲದೆ ಹೋಗಿತ್ತು. ನಿನ್ನ ಹಾಸ್ಟೆಲ್ಲಿನ ಕೋಣೆಯಲ್ಲಿ ಹಾಗಾಗಬಾರದು. ದಿನಕ್ಕೆ ನಾಲ್ಕೈದು ಗಂಟೆ ಹುಡುಕಾಟ, ಕಲಿಕೆ. ಸಂಜೆ ಒಂದು ನಡಿಗೆ. ರಾತ್ರಿ ಹೊತ್ತಿಗೆ ನಿದ್ದೆ. ಭಾನುವಾರ ಮಧ್ಯಾಹ್ನದ ಮೇಲೆ ಹುಡುಕಾಟಕ್ಕೆ ರಜೆ ಕೊಡು.

ಈಗ ಹೆಚ್ಚಿನವರು ಸಂಕೋಚಪಡುವ ಮಾತು: ಜನರನ್ನು ಕೇಳುವುದು. "ಯಾರ ಹತ್ತಿರವೂ ಕೈಚಾಚಬಾರದು" ಎಂದು ಬೆಳೆದವರು ನಾವು. ಕೆಲಸದ ಸುದ್ದಿ ಕೇಳುವುದು ಕೈಚಾಚುವುದಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ ಬಾಸ್ಟನ್ ಹತ್ತಿರದ ನ್ಯೂಟನ್ ಎಂಬ ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಒಂದು ಪ್ರಶ್ನೆ ಕೇಳಿದರು: ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ಆಗಾಗ ಭೇಟಿಯಾಗುತ್ತಿದ್ದೆ ಎಂದವರು ನೂರಕ್ಕೆ 17ರಷ್ಟು ಮಾತ್ರ. ಯಾವಾಗಲೋ ಒಮ್ಮೆ ಎಂದವರು 56, ತೀರ ಅಪರೂಪಕ್ಕೆ ಎಂದವರು 28. ಅದು 1973ರಲ್ಲಿ ಬಂದ ಪ್ರಬಂಧ. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಅಧ್ಯಯನ ಪ್ರಕಟವಾದಾಗಲೂ, ತೀರ ಹತ್ತಿರದವರಿಗಿಂತ ಅಷ್ಟಕ್ಕಷ್ಟೇ ಪರಿಚಯ ಇರುವವರಿಂದಲೇ ಕೆಲಸ ಬದಲಾವಣೆಗೆ ಹೆಚ್ಚು ನೆರವಾಗಿದೆ ಎಂದು ಕಂಡುಬಂತು. ಕಾರಣ ಕಷ್ಟದ್ದಲ್ಲ. ನಿನ್ನ ರೂಮ್‌ಮೇಟಿಗೆ ಗೊತ್ತಿರುವುದು ನಿನಗೂ ಗೊತ್ತಿರುತ್ತದೆ. ಕಾಲೇಜಿನಲ್ಲಿ ನಿನಗಿಂತ ಮೂರು ವರ್ಷ ಹಿರಿಯನಾಗಿದ್ದು ಈಗ ಬಾಚುಪಲ್ಲಿಯಲ್ಲಿ ಶಿಫ್ಟ್ ಮಾಡುತ್ತಿರುವವನಿಗೆ ನಿನಗೆ ಗೊತ್ತಿಲ್ಲದ ಲೋಕವೊಂದು ಗೊತ್ತಿರುತ್ತದೆ.

ಹಾಗಾಗಿ ವಾರದ ಗುರಿಯಲ್ಲಿ ಇದೂ ಇರಲಿ: ಇಬ್ಬರು ದೂರದ ಪರಿಚಯದವರ ಜೊತೆ ಮಾತು. "ಅಣ್ಣಾ, ನನಗೊಂದು ಕೆಲಸ ಕೊಡಿಸಿ" ಎಂದು ಕೇಳಬೇಡ. ಪಾಪ, ಅವರ ಕೈಯಲ್ಲೂ ಅದಿಲ್ಲ. ಆ ಮಾತಿಗೆ "ನೋಡೋಣ" ಎಂಬುದನ್ನು ಬಿಟ್ಟು ಬೇರೆ ಉತ್ತರವಿಲ್ಲ. "ನಿಮ್ಮ ವಿಭಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗ ಏನು ನೋಡುತ್ತಾರೆ? ನನ್ನ ಬಯೋಡೇಟಾದಲ್ಲಿ ಏನು ಕೊರತೆ ಕಾಣುತ್ತದೆ?" ಎಂದು ಕೇಳು. ಹತ್ತು ನಿಮಿಷ ಖಂಡಿತ ಕೊಡುತ್ತಾರೆ. ಕೊನೆಗೆ, ಇನ್ನು ಯಾರ ಹತ್ತಿರ ಮಾತಾಡಿದರೆ ಒಳ್ಳೆಯದು ಎಂದು ವಿಚಾರಿಸು. ಈ ಊರಿನಲ್ಲಿ ನಮ್ಮವರು ಹೊಸಬರಲ್ಲ. ಬೀದರ್, ಕಲಬುರಗಿ, ರಾಯಚೂರು ಮೂರೂ 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದವು. ಓದಿಗೂ ಕೋರ್ಟು-ಕಚೇರಿಗೂ ನಮ್ಮ ಹಿರಿಯರು ಬರುತ್ತಿದ್ದದ್ದು ಇಲ್ಲಿಗೇ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವತ್ತಿಗೂ ಇವೆ. ಕಾರ್ಯಕ್ರಮವಿದ್ದ ದಿನ ಅಲ್ಲಿಗೊಮ್ಮೆ ಹೋಗಿ ಬಾ. ನಿವೃತ್ತ ಎಂಜಿನಿಯರುಗಳು, ಬ್ಯಾಂಕಿನವರು, ಮೇಷ್ಟರು ಸಿಗುತ್ತಾರೆ. ಕನ್ನಡದಲ್ಲಿ ಮಾತಾಡಿಸಿದರೆ ಅವರಿಗೂ ಸಂತೋಷ.

ಅಮೀರ್‌ಪೇಟೆಯ ಬಗ್ಗೆ ಒಂದು ಎಚ್ಚರಿಕೆ. ಮೈತ್ರಿವನಂ ಸುತ್ತ ಬೋರ್ಡುಗಳು, ಕರಪತ್ರಗಳು, ಡೆಮೊ ಕ್ಲಾಸುಗಳು. ಅಲ್ಲಿ ಒಳ್ಳೆಯ ಮೇಷ್ಟರೂ ಇದ್ದಾರೆ, ಕಡಿಮೆ ಫೀಸಿನಲ್ಲಿ ಕಲಿತು ದಡ ಸೇರಿದವರು ಎಷ್ಟೋ ಮಂದಿ. ಆದರೆ ಕೋರ್ಸು ಸೇರುವುದೇ ಗುರಿಯಾಗಬಾರದು. ಮೊದಲು 20 ಜಾಹೀರಾತು ಓದು, ಅವು ಕೇಳುವ ವಿದ್ಯೆ ಇದೇ ಎಂದು ಗಟ್ಟಿಯಾದ ಮೇಲೆ ದುಡ್ಡು ಕಟ್ಟು. ಮತ್ತೆ, "ಎರಡು ವರ್ಷದ ಅನುಭವ ಹಾಕಿಸಿ ಕೊಡುತ್ತೇವೆ" ಎನ್ನುವವರು, "ಬ್ಯಾಕ್‌ಡೋರ್‌ನಲ್ಲಿ ಒಳಗೆ ಕಳಿಸುತ್ತೇವೆ, ಎರಡು ಲಕ್ಷ ಆಗುತ್ತದೆ" ಎನ್ನುವವರು ಎದುರಾಗುತ್ತಾರೆ. ಅವರ ಮುಂದೆ ಒಂದು ಕ್ಷಣವೂ ಕೂರಬೇಡ. ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ, ಭವಿಷ್ಯನಿಧಿಯ ಯುಎಎನ್ ದಾಖಲೆಯಲ್ಲಿ ನೀನು ಎಲ್ಲೆಲ್ಲಿ ದುಡಿದೆ ಎಂಬುದು ತಿಳಿಯುತ್ತದೆ. ಸುಳ್ಳು ಬಯಲಾದರೆ ಕೆಲಸವೂ ಹೋಗುತ್ತದೆ, ಮುಂದಿನ ಬಾಗಿಲೂ ಮುಚ್ಚುತ್ತದೆ, ಅಪ್ಪ ಸಾಲ ಮಾಡಿ ಕೊಟ್ಟ ದುಡ್ಡೂ ಬರುವುದಿಲ್ಲ. ಆನ್‌ಲೈನಿನಲ್ಲಿ ಯಾರಾದರೂ ಕೆಲಸದ ಆಸೆ ತೋರಿಸಿ ಹಣ ಹಾಕಿಸಿಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡು. ನಾಚಿಕೆಪಟ್ಟು ಮುಚ್ಚಿಡಬೇಡ.

ಕೊನೆಯದು ದುಡ್ಡಿನ ಲೆಕ್ಕ. ಹಾಸ್ಟೆಲ್, ಓಡಾಟ, ಫೋನು, ಕೋರ್ಸು, ಎಲ್ಲ ಕೂಡಿಸಿ ತಿಂಗಳಿಗೆ ಎಷ್ಟು, ಮನೆಯವರು ಎಷ್ಟು ತಿಂಗಳು ತಡೆದುಕೊಳ್ಳಬಲ್ಲರು ಎಂಬುದನ್ನು ಅಪ್ಪ-ಅವ್ವನ ಎದುರು ಕುಳಿತು ಲೆಕ್ಕ ಹಾಕು. ಒಂದು ತಾರೀಖು ಗೊತ್ತುಮಾಡು. ಆ ತಾರೀಖಿನವರೆಗೆ "ಏನಾಯ್ತು?" ಎಂದು ದಿನಾ ಕೇಳದಿರಲು ಅವರು ಒಪ್ಪಲಿ. ನೀನು ವಾರಕ್ಕೊಮ್ಮೆ ಫೋನ್ ಮಾಡಿ ಏನು ಮಾಡಿದೆ, ಏನು ಕಲಿತೆ ಎಂದು ಹೇಳಲು ಒಪ್ಪು. "ಇನ್ನೂ ಆಗಿಲ್ಲಪ್ಪ" ಎಂಬ ಒಂದೇ ಮಾತು ಕೇಳಿ ಕೇಳಿ ಅವರು ಹೆದರಿರುತ್ತಾರೆ. "ಈ ವಾರ ಎಂಟು ಕಡೆ ಬರೆದೆ, ಒಂದು ಕಡೆ ಕರೆದಿದ್ದರು, ಎರಡು ಪ್ರಶ್ನೆ ತಪ್ಪಿದವು, ಅವನ್ನು ಕಲಿಯುತ್ತಿದ್ದೇನೆ" ಎಂದು ಹೇಳಿ ನೋಡು. ಓದು ಬಾರದ ಅವ್ವನಿಗೂ ಅದು ಅರ್ಥವಾಗುತ್ತದೆ.

ಆ ತಾರೀಖು ಬಂದಾಗ ಕೆಲಸ ಸಿಕ್ಕಿರದಿದ್ದರೆ ಗಂಟುಮೂಟೆ ಕಟ್ಟಲೇಬೇಕೆಂದಿಲ್ಲ. ದಿಕ್ಕು ಬದಲಿಸಬಹುದು. ಖರ್ಚು ತೂಗಿಸುವಂಥ ಚಿಕ್ಕ ಕೆಲಸ ಹಿಡಿದು ಹುಡುಕಾಟ ಮುಂದುವರಿಸಬಹುದು. ಊರಿಗೇ ಹೋಗುವುದಾದರೂ ತಲೆತಗ್ಗಿಸುವ ಮಾತಿಲ್ಲ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಆ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಇದೆ: ಗ್ರೂಪ್ ಬಿ ಹುದ್ದೆಗಳಲ್ಲಿ ನೂರಕ್ಕೆ 75, ಗ್ರೂಪ್ ಸಿಯಲ್ಲಿ 80, ಗ್ರೂಪ್ ಡಿಯಲ್ಲಿ 85. ಇಲ್ಲಿ ಕಲಿತ ಇಂಗ್ಲಿಷ್, ಕಂಪ್ಯೂಟರ್, ಹೊತ್ತಿಗೆ ಸರಿಯಾಗಿ ಕೂತು ಓದುವ ರೂಢಿ ಅಲ್ಲಿಯೂ ಕೆಲಸಕ್ಕೆ ಬರುತ್ತವೆ. ಆದರೆ ಆ ಮೀಸಲಾತಿಗೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಅರ್ಜಿ ಕರೆದ ಮೇಲೆ ಓಡಾಡಿದರೆ ಕೊನೆಯ ದಿನಾಂಕ ತಪ್ಪಿಹೋಗಬಹುದು. ಹಬ್ಬಕ್ಕೆ ಊರಿಗೆ ಹೋಗುವಾಗ ಶಾಲೆಯ ದಾಖಲೆ, ವಾಸದ ದಾಖಲೆ ಜೊತೆಗಿಟ್ಟುಕೋ. ಕಚೇರಿ ತೆರೆದಿರುವ ಒಂದು ದಿನ ಹೆಚ್ಚಿಗೆ ಉಳಿದು ಅರ್ಜಿ ಕೊಟ್ಟು ಬಾ.